ಸಹಿಗೆ ಮೊದಲು ಲೆಕ್ಕ: ಕಿರು ಒಪ್ಪಂದ, ದೀರ್ಘ ಒಪ್ಪಂದ, ಎರವಲು, ಹವ್ಯಾಸಿ ನೋಂದಣಿ

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಬೆಳಗಿನ ಆರಕ್ಕೆ ಚೆಂಡು ಒದೆಯುತ್ತ ಬೆಳೆದು, ಈಗ ಬೆಂಗಳೂರಿನ ಡಿವಿಜನ್ ಲೀಗಿನಲ್ಲಿ ಆಡುತ್ತಿರುವ ಹತ್ತೊಂಬತ್ತರ ಹುಡುಗನೊಬ್ಬ ಜನವರಿಯ ಒಂದು ಭಾನುವಾರ ತಂದೆಯೊಂದಿಗೆ ನನ್ನಲ್ಲಿಗೆ ಬಂದಿದ್ದ. ದಸ್ತಾವೇಜು ಓದುವುದೇ ನನ್ನ ಕಸುಬಾದ್ದರಿಂದ, ನಮ್ಮ ಬಡಾವಣೆಯಲ್ಲಿ ಯಾರಿಗೆ ಇಂಗ್ಲಿಷಿನ ಕಾಗದ ಬಂದರೂ ಅದು ಒಮ್ಮೆ ನನ್ನ ಮೇಜನ್ನು ಹಾದು ಹೋಗುತ್ತದೆ. ತಂದೆ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು. ಒಂಬತ್ತು ಪುಟಗಳ ಒಪ್ಪಂದದ ಮೇಲೆ ಅವರು ಬೆರಳಿಟ್ಟಲ್ಲೆಲ್ಲ ಮಸಿಯ ಸಣ್ಣ ಗುರುತು ಉಳಿದಿತ್ತು. ಆ ಗುರುತು ಎಲ್ಲಕ್ಕಿಂತ ಕಪ್ಪಾಗಿದ್ದದ್ದು ಸಂಬಳದ ಅಂಕಿಯ ಬಳಿ. ಅವಧಿಯ ಷರತ್ತಿದ್ದ ಎರಡನೆಯ ಪುಟ ಮಾತ್ರ ಬಿಳಿಯಾಗಿಯೇ ಇತ್ತು.

ಹುಡುಗನ ಮುಂದೆ ಮೂರು ದಾರಿಗಳಿದ್ದವು. ಹೊರರಾಜ್ಯದ ಕೆಳಸ್ತರದ ಕ್ಲಬ್ಬೊಂದು ಋತುವಿನ ಕೊನೆಯವರೆಗೆ, ಅಂದರೆ ಸುಮಾರು ಐದು ತಿಂಗಳಿಗೆ, ಕರೆದಿತ್ತು. ದೊಡ್ಡ ಕ್ಲಬ್ಬೊಂದು ಮೂರು ವರ್ಷದ ಒಪ್ಪಂದ ಕೊಟ್ಟು, ಕೂಡಲೇ ಮತ್ತೊಂದು ತಂಡಕ್ಕೆ ಎರವಲು ಕಳುಹಿಸುವುದಾಗಿ ಹೇಳಿತ್ತು. ಮೂರನೆಯದು, ಈಗಿರುವ ಬೆಂಗಳೂರಿನ ತಂಡದಲ್ಲಿಯೇ ಹವ್ಯಾಸಿ ಆಟಗಾರನಾಗಿ ಉಳಿಯುವುದು. ತಂದೆ ಕೇಳಿದ್ದು ಒಂದೇ ಪ್ರಶ್ನೆ: "ಇದಕ್ಕ ಸಹಿ ಹಾಕಿದ್ರೆ ಹುಡುಗ ಬ್ಯಾರೆ ಕಡೆ ಆಡಂಗಿಲ್ಲೇನು ಸರ್?" ಸಂಬಳದ ಪ್ರಶ್ನೆಗಿಂತ ಇದೇ ಸರಿಯಾದ ಪ್ರಶ್ನೆ ಎಂದು ಅವರಿಗೆ ಹೇಳಿದೆ. ಇದೇ ಕವಲಿನಲ್ಲಿ ನಿಂತಿರುವ ಇತರರಿಗೂ ಉಪಯೋಗವಾಗಲೆಂದು, ಅಂದು ಮೇಜಿನ ಮೇಲೆ ಹಾಕಿದ ಲೆಕ್ಕವನ್ನು ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಕ್ರಯಪತ್ರವೇ ಬೇರೆ, ಪಹಣಿಯೇ ಬೇರೆ

ಹೊಲ ಕೊಂಡವರಿಗೆಲ್ಲ ಗೊತ್ತಿರುವ ಮಾತಿದು: ಕ್ರಯಪತ್ರ ಕೈಗೆ ಬಂದ ಮಾತ್ರಕ್ಕೆ ಪಹಣಿಯಲ್ಲಿ ಹೆಸರು ಕೂರುವುದಿಲ್ಲ. ಫುಟ್‌ಬಾಲಿನಲ್ಲಿ ಒಪ್ಪಂದವೆಂಬುದು ಆಟಗಾರನಿಗೂ ಕ್ಲಬ್ಬಿಗೂ ನಡುವಿನ ಕ್ರಯಪತ್ರದಂತೆ. ನೋಂದಣಿಯೆಂಬುದು ಆ ದೇಶದ ಫುಟ್‌ಬಾಲ್ ಸಂಸ್ಥೆಯ ದಾಖಲೆಯಲ್ಲಿ ಆಟಗಾರನ ಹೆಸರು ಯಾವ ಕ್ಲಬ್ಬಿನ ಎದುರಿಗೆ ಇದೆ ಎಂಬ ಪಹಣಿ. ನಮ್ಮಲ್ಲಿ ಈ ಪಹಣಿ ಇರುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ. ಆಟಗಾರರು ಅದನ್ನು ಸಿಆರ್‌ಎಸ್ ಎಂದಷ್ಟೇ ಕರೆಯುತ್ತಾರೆ. ಒಪ್ಪಂದವಿದ್ದು ನೋಂದಣಿಯಿಲ್ಲದಿದ್ದರೆ ಸಂಬಳ ಬರಬಹುದು, ಆದರೆ ಮೈದಾನಕ್ಕಿಳಿಯುವಂತಿಲ್ಲ. ಇವೆರಡರ ಮೇಲೆ ಮೂರನೆಯದೊಂದೂ ಇದೆ: ಆಯಾ ಲೀಗು ತನ್ನ ನಿಯಮದಂತೆ ಕೇಳುವ ತಂಡದ ಪಟ್ಟಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಆ ಪಟ್ಟಿ 25 ಹೆಸರಿಗೆ ಸೀಮಿತವಾದದ್ದು, 21ರೊಳಗಿನವರಿಗೆ ಮಾತ್ರ ಪಟ್ಟಿಯ ಹೊರಗಿದ್ದೂ ಆಡುವ ಅವಕಾಶವಿದೆ.

ಈ ಪದರಗಳು ಬೇರೆಬೇರೆ ಎಂಬುದು ದೊಡ್ಡವರ ವಿಷಯದಲ್ಲೂ ಮರೆತುಹೋಗುತ್ತದೆ. 2017ರ ಆಗಸ್ಟಿನಲ್ಲಿ ಪೋರ್ಚುಗಲ್ಲಿನ ಆಡ್ರಿಯನ್ ಸಿಲ್ವಾ ಲೆಸ್ಟರ್ ಸಿಟಿಗೆ ಬಂದಾಗ ಕಾಗದಗಳು ಗಡುವಿಗಿಂತ 14 ಸೆಕೆಂಡು ತಡವಾಗಿ ತಲುಪಿದವು; ಅಷ್ಟಕ್ಕೇ ಆತ ಮುಂದಿನ ಜನವರಿಯವರೆಗೆ ಆಡಲಾಗಲಿಲ್ಲ. ಡ್ಯಾನಿ ಓಲ್ಮೊ 2024ರಲ್ಲಿ ಬಾರ್ಸಿಲೋನಾದೊಂದಿಗೆ 2030ರವರೆಗಿನ ಒಪ್ಪಂದ ಮಾಡಿಕೊಂಡರೂ, ಕ್ಲಬ್ಬಿನ ವೇತನ ಮಿತಿಯ ತೊಡಕಿನಿಂದ ಸ್ಪೇನಿನ ಲೀಗಿನಲ್ಲಿ ಆತನ ನೋಂದಣಿ ಆ ವರ್ಷದ ಡಿಸೆಂಬರ್ 31ರವರೆಗೆ ಮಾತ್ರ ಇತ್ತು. ಹೊಸ ವರ್ಷ ಬಂದಾಗ ಒಪ್ಪಂದ ಭದ್ರವಾಗಿಯೇ ಇತ್ತು, ನೋಂದಣಿ ಇರಲಿಲ್ಲ. ಕೊನೆಗೆ ಅಲ್ಲಿನ ಸರ್ಕಾರದ ಕ್ರೀಡಾ ಮಂಡಳಿ 2025ರ ಜನವರಿಯಲ್ಲಿ ತಾತ್ಕಾಲಿಕ ಅನುಮತಿ ಕೊಟ್ಟ ಮೇಲೆಯೇ ಆತ ಆಡಿದ್ದು. ಅಂಥ ಕ್ಲಬ್ಬಿಗೆ ವಕೀಲರ ದಂಡೇ ಇರುತ್ತದೆ. ಭಟ್ಟಿಯವರ ಮಗನಿಗೆ ಇರುವುದು ನಾನು ಮತ್ತು ಒಂದು ಪೆನ್ಸಿಲ್.

ಮೂರು ಕ್ಲಬ್ಬು, ಎರಡು ಅಂಗಿ

ವಿಶ್ವ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆ ನಿಯಮಾವಳಿಯ ಐದನೆಯ ವಿಧಿಯಲ್ಲಿ ಒಂದು ಎಣಿಕೆಯಿದೆ. ಒಂದು ಋತುವಿನಲ್ಲಿ ಆಟಗಾರನು ಗರಿಷ್ಠ ಮೂರು ಕ್ಲಬ್ಬುಗಳಲ್ಲಿ ನೋಂದಾಯಿಸಿಕೊಳ್ಳಬಹುದು, ಆದರೆ ಅಧಿಕೃತ ಪಂದ್ಯಗಳನ್ನು ಎರಡೇ ಕ್ಲಬ್ಬುಗಳ ಪರವಾಗಿ ಆಡಬಹುದು. ಒಂದು ದೇಶದ ಋತು ಇನ್ನೊಂದು ದೇಶದ ಋತುವಿನ ಮೇಲೆ ಹಾಯುವಲ್ಲಿ ಮಾತ್ರ ಮೂರನೆಯ ಕ್ಲಬ್ಬಿಗೂ ಆಡುವ ವಿನಾಯಿತಿ ಇದೆ. ಸ್ನೇಹಪಂದ್ಯ ಮತ್ತು ಟ್ರಯಲ್ಸ್ ಪಂದ್ಯಗಳು ಈ ಎಣಿಕೆಗೆ ಸೇರುವುದಿಲ್ಲವಾದ್ದರಿಂದ, ಟ್ರಯಲ್ಸಿಗೆ ಹೋಗುವುದರಲ್ಲಿ ಹೆದರಿಕೆಯಿಲ್ಲ.

ಈ ಎಣಿಕೆ ಎಷ್ಟು ಬಿಗಿಯೆಂಬುದಕ್ಕೆ ಹಾತಿಮ್ ಬೆನ್ ಅರ್ಫಾನ ಪ್ರಸಂಗವೇ ಸಾಕು. 2014-15ರ ಋತುವಿನಲ್ಲಿ ಆತ ನ್ಯೂಕ್ಯಾಸಲ್‌ನ 21 ವರ್ಷದೊಳಗಿನವರ ತಂಡದ ಪರವಾಗಿ ಪಂದ್ಯವಾಡಿ, ನಂತರ ಹಲ್ ಸಿಟಿಗೆ ಎರವಲು ಹೋಗಿ, ಜನವರಿಯಲ್ಲಿ ಫ್ರಾನ್ಸಿನ ನೀಸ್ ಕ್ಲಬ್ಬಿಗೆ ಬಂದ. ಕಿರಿಯರ ತಂಡದ ಪಂದ್ಯವೂ ಲೆಕ್ಕಕ್ಕೆ ಬರುತ್ತದೆಂದು ಫಿಫಾ ಹೇಳಿದ್ದರಿಂದ ನೀಸ್ ಆತನ ಮೂರನೆಯ ಕ್ಲಬ್ಬಾಯಿತು. ಉಳಿದ ಋತುವನ್ನು ಆತ ಆಡದೆಯೇ ಕಳೆದ. "ಸುಮ್ಮನೆ ಒಂದು ಮ್ಯಾಚ್ ಆಡು ಬಾ" ಎಂದು ಕರೆಯುವವರು ನಮ್ಮಲ್ಲೂ ಇದ್ದಾರೆ. ಕೆಲ ವರ್ಷಗಳ ಹಿಂದೆ ನನಗೆ ಪರಿಚಯದ ಹುಡುಗನೊಬ್ಬ ಹಾಗೆ ಕರೆದವರ ಫಾರಂಗೆ ಸಹಿ ಹಾಕಿ, ಒಂದು ರೂಪಾಯಿಯನ್ನೂ ಪಡೆಯದೆ ಮೂರು ಪಂದ್ಯವಾಡಿದ. ಆಮೇಲೆ ನಿಜವಾದ ಕರೆ ಬಂದಾಗ ನಿರಾಕ್ಷೇಪಣಾ ಪತ್ರಕ್ಕಾಗಿ ಅದೇ ತಂಡದ ಬಾಗಿಲಲ್ಲಿ ಎರಡು ತಿಂಗಳು ನಿಂತ. ಪತ್ರ ಸಿಗುವ ಹೊತ್ತಿಗೆ, ಹೊಸ ಹೆಸರು ಬರೆಸಲು ತೆರೆದಿರುವ ನೋಂದಣಿ ಅವಧಿ ಮುಚ್ಚಿತ್ತು. ಆ ತಂಡದ ಹೆಸರು ಇಲ್ಲಿ ಬೇಡ.

ಈಗ ನಮ್ಮ ಹುಡುಗನ ಲೆಕ್ಕ. ಬೆಂಗಳೂರಿನ ತಂಡದಲ್ಲಿ ಆತ ಈ ಋತುವಿನಲ್ಲಿ ಈಗಾಗಲೇ ಆಡಿದ್ದಾನೆ. ಅದು ಒಂದನೆಯ ನೋಂದಣಿ, ಒಂದನೆಯ ಅಂಗಿ. ಐದು ತಿಂಗಳ ಒಪ್ಪಂದಕ್ಕೆ ಸಹಿ ಹಾಕಿ ಒಂದು ಪಂದ್ಯ ಆಡಿದರೂ ಎರಡನೆಯ ಅಂಗಿ ಮುಗಿಯಿತು. ಮಾರ್ಚಿನಲ್ಲಿ ಕ್ಲಬ್ಬು ಬೇಡವೆಂದರೆ, ಆ ಋತುವಿನಲ್ಲಿ ಆತ ಹೊಸ ಕ್ಲಬ್ಬಿಗೆ ಹೆಸರು ಬರೆಸಬಹುದು, ಆದರೆ ಆಡುವಂತಿಲ್ಲ. ದೊಡ್ಡ ಕ್ಲಬ್ಬಿನ ದಾರಿ ಹಿಡಿದರೆ, ಅಲ್ಲಿಗೆ ಎರಡನೆಯ ನೋಂದಣಿ, ಎರವಲು ಹೋದಲ್ಲಿಗೆ ಮೂರನೆಯದು. ಎರವಲು ತಂಡದಲ್ಲಿ ಆಡಿದೊಡನೆ ಎರಡು ಅಂಗಿಯ ಮಿತಿ ತುಂಬುವುದರಿಂದ, ತಾನು ಸಹಿ ಹಾಕಿದ ದೊಡ್ಡ ಕ್ಲಬ್ಬಿಗೇ ಆ ಋತುವಿನಲ್ಲಿ ಆತ ಆಡಲಾರ. ಇದನ್ನು ಹುಡುಗ ಮೂರು ಸಲ ಬೆರಳು ಮಡಚಿ ಎಣಿಸಿ ನೋಡಿದ. ಕ್ಲಬ್ಬಿನ ಪ್ರತಿನಿಧಿ ಫೋನಿನಲ್ಲಿ "ಮಾರ್ಚ್ ಹೊತ್ತಿಗೆ ಮುಖ್ಯ ತಂಡಕ್ಕೆ ಬಂದುಬಿಡು" ಎಂದಿದ್ದರಂತೆ. ಲೆಕ್ಕದಲ್ಲಿ ಆ ಮಾತಿಗೆ ಜಾಗವಿರಲಿಲ್ಲ.

ಕಿರು ಒಪ್ಪಂದದ ಲಾಭ ಮತ್ತು ಅದರ ಬೆಲೆ

ಎಷ್ಟು ಕಿರಿದಾದ ಒಪ್ಪಂದ ಮಾಡಬಹುದು? ಫಿಫಾ ನಿಯಮದ ಪ್ರಕಾರ ಕನಿಷ್ಠ ಅವಧಿಯೆಂದರೆ ಒಪ್ಪಂದ ಜಾರಿಯಾದ ದಿನದಿಂದ ಋತುವಿನ ಕೊನೆಯವರೆಗೆ. ಗರಿಷ್ಠ ಐದು ವರ್ಷ. ಬೇರೆ ಅವಧಿಯ ಒಪ್ಪಂದ ಸಲ್ಲುವುದು ಆ ದೇಶದ ಕಾನೂನು ಒಪ್ಪಿದರೆ ಮಾತ್ರ. ಋತುವೇ ಚಿಕ್ಕದಾದರೆ ಒಪ್ಪಂದವೂ ತಾನಾಗಿ ಚಿಕ್ಕದಾಗುತ್ತದೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗಿನ (ಐಎಸ್‌ಎಲ್) ಮೊದಲ ಆವೃತ್ತಿ ಅಕ್ಟೋಬರ್ 12ಕ್ಕೆ ಶುರುವಾಗಿ ಡಿಸೆಂಬರ್ 20ಕ್ಕೆ ಮುಗಿದಿತ್ತು. ಯುರೋಪಿನ ಹಿರಿಯ ತಾರೆಗಳಾದ ಡೆಲ್ ಪಿಯೆರೊ, ಪಿರೆಸ್, ಲ್ಯುಂಗ್‌ಬರಿಯಂಥವರು ಹತ್ತು ವಾರದ ಅತಿಥಿಗಳಾಗಿ ಬಂದು ಹೋದರು. ವೃತ್ತಿಯ ಸಂಜೆಯಲ್ಲಿರುವವರಿಗೆ ಅದು ಹಬ್ಬ. ಹತ್ತೊಂಬತ್ತರ ಹುಡುಗನಿಗೆ ಹತ್ತು ವಾರವೆಂದರೆ ಹೆಸರು ಗುರುತಿಸುವಷ್ಟರಲ್ಲಿ ಮುಗಿಯುವ ಕಾಲ.

ಹಾಗೆಂದು ಕಿರು ಒಪ್ಪಂದವನ್ನು ತಳ್ಳಿಹಾಕುವವನು ನಾನಲ್ಲ. ಅದರ ದೊಡ್ಡ ಗುಣವೆಂದರೆ ಮುಗಿದ ದಿನ ಆಟಗಾರ ಸಂಪೂರ್ಣ ಸ್ವತಂತ್ರ. ಒಪ್ಪಂದ ಮುಗಿದ ಆಟಗಾರನಿಗಾಗಿ ವರ್ಗಾವಣೆ ಶುಲ್ಕ ಕೇಳುವಂತಿಲ್ಲವೆಂದು ಯುರೋಪಿನ ನ್ಯಾಯಾಲಯ ಬೊಸ್ಮನ್ ಪ್ರಕರಣದಲ್ಲಿ 1995ರ ಡಿಸೆಂಬರ್ 15ರಂದು ಹೇಳಿದ್ದರ ಫಲವನ್ನು ಇಂದು ಎಲ್ಲ ದೇಶದ ಆಟಗಾರರೂ ಉಣ್ಣುತ್ತಿದ್ದಾರೆ. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ಬಿನೊಂದಿಗೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕಲೂ ಆಟಗಾರನಿಗೆ ಸ್ವಾತಂತ್ರ್ಯವಿದೆ. ಐದು ತಿಂಗಳ ಒಪ್ಪಂದವೆಂದರೆ ಮೊದಲ ದಿನದಿಂದಲೇ ಆ ಬಾಗಿಲು ತೆರೆದಿದೆಯೆಂದು ಅರ್ಥ. ಹುಡುಗ ಆಡಿ ತೋರಿಸಿದರೆ ಬೇಸಿಗೆಯಲ್ಲಿ ಎರಡು ಮೂರು ಕರೆಗಳ ನಡುವೆ ಆರಿಸಿಕೊಳ್ಳುವ ಸ್ಥಿತಿ ಬರಬಹುದು. ಮೊಣಕಾಲು ಕೆಟ್ಟರೆ ಮಾತ್ರ ಜೂನ್ ತಿಂಗಳಲ್ಲಿ ಕೈಯಲ್ಲಿ ಏನೂ ಇರದು. ಆದ್ದರಿಂದ ಒಪ್ಪಂದ ಮುಗಿದ ಮೇಲೂ ಗಾಯದ ಚಿಕಿತ್ಸೆ ಯಾರ ಹೊಣೆ ಎಂಬ ಒಂದು ಸಾಲನ್ನು ಕೇಳಿ ಬರೆಸಿಕೊಳ್ಳಬೇಕು.

ಕಿರು ಒಪ್ಪಂದದಲ್ಲಿ ಹೆಚ್ಚಿನವರು ಗಮನಿಸದ ಒಂದು ದೌರ್ಬಲ್ಯವಿದೆ. ಸಂಬಳ ಬರದಿದ್ದರೆ ಆಟಗಾರನಿಗೆ ಇರುವ ಮುಖ್ಯ ಅಸ್ತ್ರ ಫಿಫಾ 2018ರಲ್ಲಿ ಸೇರಿಸಿದ ನಿಯಮ: ಎರಡು ತಿಂಗಳ ಸಂಬಳ ಬಾಕಿಯಾದರೆ, ಕ್ಲಬ್ಬಿಗೆ ಲಿಖಿತ ನೋಟಿಸು ಕೊಟ್ಟು, ಕನಿಷ್ಠ 15 ದಿನಗಳ ಗಡುವು ಇಟ್ಟು, ಆಗಲೂ ಹಣ ಬರದಿದ್ದರೆ ನ್ಯಾಯಸಮ್ಮತ ಕಾರಣದಿಂದ ಒಪ್ಪಂದ ಕೊನೆಗೊಳಿಸಬಹುದು. ಮೂರು ವರ್ಷದ ಒಪ್ಪಂದದಲ್ಲಿ ಎರಡೂವರೆ ತಿಂಗಳೆಂದರೆ ಸಣ್ಣ ಭಾಗ. ಐದು ತಿಂಗಳ ಒಪ್ಪಂದದಲ್ಲಿ ಅದು ಸರಿಯಾಗಿ ಅರ್ಧ. ಅಸ್ತ್ರ ಎತ್ತುವ ಹೊತ್ತಿಗೆ ಯುದ್ಧವೇ ಅರ್ಧ ಮುಗಿದಿರುತ್ತದೆ, ಅಷ್ಟರಲ್ಲಿ ಎರಡು ಅಂಗಿಯ ಲೆಕ್ಕವೂ ತುಂಬಿರುತ್ತದೆ. ಆದ್ದರಿಂದ ಕಿರು ಒಪ್ಪಂದದಲ್ಲಿ ಮೊದಲ ತಿಂಗಳ ಸಂಬಳವನ್ನು ಮುಂಗಡವಾಗಿ ಕೇಳುವುದು ಅತಿಯಾಸೆಯಲ್ಲ. ಕೇಳದಿರುವುದೇ ಸಂಕೋಚದ ತಪ್ಪು.

ಇನ್ನೊಂದು ಮಾತು ಕೊನೆಯ ದಿನಾಂಕದ್ದು. ನಮ್ಮ ಹುಡುಗನ ಕಾಗದದಲ್ಲಿ "ಋತುವಿನ ಕೊನೆಯವರೆಗೆ" ಎಂದಷ್ಟೇ ಇತ್ತು. ಋತು ಯಾವಾಗ ಕೊನೆಗೊಳ್ಳುತ್ತದೆ? ಫೆಡರೇಷನ್ನು 2010ರಲ್ಲಿ ಮಾಡಿಕೊಂಡ ವಾಣಿಜ್ಯ ಹಕ್ಕುಗಳ ಒಪ್ಪಂದ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿದ್ದು, ಮುಂದೇನೆಂಬುದು ಇತ್ಯರ್ಥವಾಗದ ಕಾರಣ ಆ ವರ್ಷ ಐಎಸ್‌ಎಲ್ ಎಂದಿನ ಸೆಪ್ಟೆಂಬರಿನಲ್ಲಿ ಶುರುವಾಗಲೇ ಇಲ್ಲ. ಯಾವಾಗ ಶುರುವಾಗುವುದೆಂದೇ ತಿಳಿಯದ ಋತುವಿಗೆ ಕೊನೆಯನ್ನು ಎಲ್ಲಿ ಹುಡುಕುವುದು? ಕ್ಯಾಲೆಂಡರಿನ ತಾರೀಖೇ ಬೇಕು, ಉದಾಹರಣೆಗೆ ಮೇ 31.

ಆ ತಾರೀಖನ್ನು ಬರೆಯುವಾಗ ನೋಂದಣಿ ಅವಧಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಪ್ರತಿ ಸಂಸ್ಥೆಯೂ ವರ್ಷಕ್ಕೆ ಎರಡು ನೋಂದಣಿ ಅವಧಿಗಳನ್ನು ಪ್ರಕಟಿಸುತ್ತದೆ; ಈಗಿನ ನಿಯಮದಂತೆ ಮೊದಲನೆಯದು 8ರಿಂದ 12 ವಾರ, ನಡುವಿನದು 4ರಿಂದ 8 ವಾರ, ಎರಡೂ ಸೇರಿ 16 ವಾರ ಮೀರುವಂತಿಲ್ಲ. ಅವಧಿ ಮುಚ್ಚಿದ ಮೇಲೂ ನೋಂದಣಿ ಸಾಧ್ಯ, ಆದರೆ ಹಿಂದಿನ ಒಪ್ಪಂದ ಆ ಅವಧಿ ಮುಚ್ಚುವ ಮೊದಲೇ ಮುಗಿದಿರಬೇಕು ಎಂಬುದು ಮೂಲ ಷರತ್ತು. ಪೋಲೆಂಡಿನ ಗೋಲ್‌ಕೀಪರ್ ವೊಯ್ಚೆಕ್ ಶ್ಚೆನ್‌ಸ್ನಿ 2024ರ ಆಗಸ್ಟಿನಲ್ಲಿ ಯುವೆಂಟಸ್‌ನೊಂದಿಗಿನ ಒಪ್ಪಂದವನ್ನು ಪರಸ್ಪರ ಒಪ್ಪಿಗೆಯಿಂದ ಮುಗಿಸಿ, ನಿವೃತ್ತಿಯನ್ನೂ ಘೋಷಿಸಿದ್ದ. ಬಾರ್ಸಿಲೋನಾದ ಟೆರ್ ಸ್ಟೆಗನ್ ಗಾಯಗೊಂಡಾಗ ಅಕ್ಟೋಬರಿನಲ್ಲಿ ಆತ ಜೂನ್ 30ರವರೆಗಿನ ಕಿರು ಒಪ್ಪಂದದ ಮೇಲೆ ಮರಳಿದ. ಆಗಸ್ಟಿನಲ್ಲಿಯೇ ಒಪ್ಪಂದ ಮುಗಿದಿದ್ದರಿಂದ ಇದು ಸಾಧ್ಯವಾಯಿತು. ಅವಧಿ ಮುಚ್ಚಿದ ಮರುದಿನ ಒಪ್ಪಂದ ಮುಗಿದವನಿಗೆ ಈ ಬಾಗಿಲಿಲ್ಲ. ಸಂಬಳ ಬಾರದೆ ನ್ಯಾಯಸಮ್ಮತವಾಗಿ ಹೊರಬಂದವನಿಗೆ, ಅಥವಾ ಕ್ಲಬ್ಬೇ ಅಕಾರಣವಾಗಿ ಹೊರಹಾಕಿದವನಿಗೆ ಪ್ರತ್ಯೇಕ ವಿನಾಯಿತಿಯಿದೆ.

ದೀರ್ಘ ಒಪ್ಪಂದ

ಮೂರು ವರ್ಷದ ಒಪ್ಪಂದದ ಒಳ್ಳೆಯತನ ಎಲ್ಲರಿಗೂ ಕಾಣುವಂಥದ್ದು: ಗಾಯವಾದರೂ ಮುಂದಿನ ತಿಂಗಳಿದೆ, ತರಬೇತಿ ದೊಡ್ಡ ಮಟ್ಟದ್ದು, ಮನೆಯವರಿಗೆ ನೆಮ್ಮದಿ. ಕಾಣದಿರುವುದು ಎರಡು. ಒಂದು, "ಕ್ಲಬ್ಬಿನ ಇಚ್ಛೆಯಂತೆ ಇನ್ನೂ ಒಂದು ವರ್ಷ ವಿಸ್ತರಿಸಬಹುದು" ಎಂಬ ಒಕ್ಕಣ್ಣಿನ ಷರತ್ತು. ವಿಸ್ತರಣೆಯ ಹಕ್ಕು ಕ್ಲಬ್ಬಿಗಿದ್ದು ಆಟಗಾರನಿಗಿಲ್ಲದಿದ್ದರೆ, ಅದು ಮೂರು ವರ್ಷದ ಭದ್ರತೆಯ ಹೆಸರಿನ ನಾಲ್ಕು ವರ್ಷದ ಕಟ್ಟು. ಇಬ್ಬರ ಒಪ್ಪಿಗೆಯೂ ಬೇಕೆಂದು ತಿದ್ದಿಸಬೇಕು, ಕನಿಷ್ಠ ಆ ವರ್ಷದ ಸಂಬಳವನ್ನು ಈಗಲೇ ಏರಿಸಿ ಬರೆಸಬೇಕು. ಎರಡು, ರಕ್ಷಿತ ಅವಧಿ. 28 ವರ್ಷ ತುಂಬುವ ಮೊದಲು ಮಾಡಿದ ಒಪ್ಪಂದದಲ್ಲಿ ಮೊದಲ ಮೂರು ಋತು ಅಥವಾ ಮೂರು ವರ್ಷದೊಳಗೆ ನ್ಯಾಯಸಮ್ಮತ ಕಾರಣವಿಲ್ಲದೆ ಆಟಗಾರ ಒಪ್ಪಂದ ಮುರಿದರೆ, ಪರಿಹಾರದ ಜೊತೆಗೆ ನಾಲ್ಕು ತಿಂಗಳ ನಿಷೇಧವೂ ಬರಬಹುದು. ಮೂರು ವರ್ಷದ ಒಪ್ಪಂದವೆಂದರೆ ಪೂರ್ತಿ ರಕ್ಷಿತ ಅವಧಿಯೇ.

ಹುಡುಗನಿಗೆ 18 ತುಂಬಿರದಿದ್ದರೆ ವೃತ್ತಿಪರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ. ಮೀರಿದ ಭಾಗವನ್ನು ಫಿಫಾ ಮಾನ್ಯ ಮಾಡುವುದಿಲ್ಲ. ಇದಲ್ಲದೆ, ಒಪ್ಪಂದದ ಸಿಂಧುತ್ವವನ್ನು ವೈದ್ಯಕೀಯ ಪರೀಕ್ಷೆಯ ಫಲಿತಾಂಶಕ್ಕೆ ಕಟ್ಟುವಂತಿಲ್ಲ. ಪರೀಕ್ಷೆ ಬೇಕಾದರೆ ಕ್ಲಬ್ಬು ಅದನ್ನು ಸಹಿಗೆ ಮೊದಲೇ ಮಾಡಿಸಿಕೊಳ್ಳಬೇಕು. ಹೀಗಿದ್ದೂ ಆ ಷರತ್ತು ನಮ್ಮ ಹುಡುಗನ ಕಿರು ಒಪ್ಪಂದದ ಒಂಬತ್ತು ಪುಟಗಳಲ್ಲಿ ಏಳನೆಯದರಲ್ಲಿ ಹಾಯಾಗಿ ಕುಳಿತಿತ್ತು.

ಎರವಲು

ಹೊಲ ಲಾವಣಿಗೆ ಕೊಟ್ಟಾಗ ಪಹಣಿಯ 9ನೇ ಕಾಲಮಿನಲ್ಲಿ ಮಾಲೀಕನ ಹೆಸರು ಉಳಿದು, 12ನೇ ಕಾಲಮಿನಲ್ಲಿ ಸಾಗುವಳಿ ಮಾಡುವವನ ಹೆಸರು ಬರುವಂತೆಯೇ ಎರವಲು ಕೂಡ. ಮೂಲ ಕ್ಲಬ್ಬಿನ ಒಪ್ಪಂದ ಮುರಿಯುವುದಿಲ್ಲ, ತಾತ್ಕಾಲಿಕವಾಗಿ ತಡೆಹಿಡಿಯಲ್ಪಡುತ್ತದೆ. ಆಟಗಾರ ಎರವಲು ಪಡೆದ ಕ್ಲಬ್ಬಿನ ಹೆಸರಿಗೆ ನೋಂದಣಿಯಾಗುತ್ತಾನೆ. 2022ರ ಜುಲೈನಿಂದ ಜಾರಿಗೆ ಬಂದ ನಿಯಮದಂತೆ ಎರವಲಿನ ಕನಿಷ್ಠ ಅವಧಿ ಎರಡು ನೋಂದಣಿ ಅವಧಿಗಳ ನಡುವಿನ ಅಂತರ, ಗರಿಷ್ಠ ಒಂದು ವರ್ಷ. ಎರವಲು ಪಡೆದವರು ಮತ್ತೊಬ್ಬರಿಗೆ ಎರವಲು ಕೊಡುವಂತಿಲ್ಲ. ಎರವಲು ಅವಧಿಗೆ ಮೊದಲೇ ಏಕಪಕ್ಷೀಯವಾಗಿ ಮುರಿದುಬಿದ್ದರೆ ಮೂಲ ಕ್ಲಬ್ಬು ಆಟಗಾರನನ್ನು ಕೂಡಲೇ ಮರಳಿ ಸೇರಿಸಿಕೊಳ್ಳಬೇಕು. ಕಿರು ಒಪ್ಪಂದದವನಿಗೆ ಇಲ್ಲದ ಆಸರೆ ಇದು, ಮತ್ತು ನನ್ನ ಲೆಕ್ಕದಲ್ಲಿ ಎರವಲಿನ ಅತಿ ದೊಡ್ಡ ಗುಣವೂ ಇದೇ. ಸಂಬಳವನ್ನು ಯಾವ ಕ್ಲಬ್ಬು ಎಷ್ಟು ಭಾಗ ಕೊಡುತ್ತದೆ ಎಂಬುದು ಮಾತ್ರ ಲಿಖಿತದಲ್ಲಿ ಇರಬೇಕು. ಇಲ್ಲದಿದ್ದರೆ ಇಬ್ಬರೂ ಮತ್ತೊಬ್ಬರತ್ತ ಕೈ ತೋರಿಸುತ್ತಾರೆ.

ಹವ್ಯಾಸಿಯಾಗಿ ಉಳಿಯುವುದು

ಲಿಖಿತ ಒಪ್ಪಂದವಿದ್ದು, ಆಟಕ್ಕಾಗಿ ತಾನು ಮಾಡುವ ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ವೃತ್ತಿಪರ, ಉಳಿದವರೆಲ್ಲ ಹವ್ಯಾಸಿಗಳು ಎಂಬುದು ಫಿಫಾದ ಸರಳ ವಿಂಗಡಣೆ. ಹವ್ಯಾಸಿಗೆ ಸಂಬಳದ ಆಸರೆಯಿಲ್ಲ, ಆದರೆ ಕಟ್ಟೂ ಇಲ್ಲ. ಓದು ಮುಗಿಯದವರಿಗೆ, ಅಥವಾ ಬಂದ ಕರೆ ಅಷ್ಟು ಗಟ್ಟಿಯಲ್ಲ ಎನಿಸಿದವರಿಗೆ ಒಂದು ಋತು ಕಾಯುವುದರಲ್ಲಿ ಅವಮಾನವೇನಿಲ್ಲ. ಒಮ್ಮೆ ವೃತ್ತಿಪರನಾದವನು ಮರಳಿ ಹವ್ಯಾಸಿಯಾಗಬೇಕಾದರೆ ಕೊನೆಯ ವೃತ್ತಿಪರ ಪಂದ್ಯದಿಂದ ಕನಿಷ್ಠ 30 ದಿನ ಕಾಯಬೇಕು. ಹಾಗೆ ಮರಳಿದವನು 30 ತಿಂಗಳೊಳಗೆ ಮತ್ತೆ ವೃತ್ತಿಪರನಾದರೆ ಹೊಸ ಕ್ಲಬ್ಬು ಆತನನ್ನು ಬೆಳೆಸಿದ ಕ್ಲಬ್ಬಿಗೆ ತರಬೇತಿ ಪರಿಹಾರ ಕೊಡಬೇಕಾಗುತ್ತದೆ. ಇದರಿಂದ ಸಣ್ಣ ಕ್ಲಬ್ಬುಗಳು ಹಿಂದೆಮುಂದೆ ನೋಡುವುದುಂಟು. ಐದು ತಿಂಗಳ ರುಚಿಗಾಗಿ ವೃತ್ತಿಪರನಾಗಿ, ಆಮೇಲೆ ಊರಿಗೆ ಬಂದು ಮೊದಲಿನಂತೆ ಆಡುತ್ತೇನೆ ಎನ್ನುವವರು ಈ ಎರಡು ಸಂಖ್ಯೆಗಳನ್ನು ನೆನಪಿಡಬೇಕು.

ನಾನು ಹೇಳಿದ್ದು

ಆ ಹುಡುಗನಿಗೆ ನಾನು ಕಿರು ಒಪ್ಪಂದವನ್ನೇ ಸೂಚಿಸಿದೆ, ಮೂರು ತಿದ್ದುಪಡಿಗಳೊಂದಿಗೆ. ದೊಡ್ಡ ಕ್ಲಬ್ಬಿನ ಪತ್ರದಲ್ಲಿ ಎರವಲು ಹೋಗುವ ತಂಡದ ಹೆಸರೇ ಇರಲಿಲ್ಲ. ಹೆಸರಿದ್ದು, ವಿಸ್ತರಣೆಯ ಷರತ್ತು ಇಬ್ಬರಿಗೂ ಸಮನಾಗಿದ್ದರೆ ಬಹುಶಃ ಅದನ್ನೇ ಹೇಳುತ್ತಿದ್ದೆ. ಹದಿನೇಳರ ಹುಡುಗ ಬಂದಿದ್ದರೆ ಹವ್ಯಾಸಿಯಾಗಿ ಉಳಿ ಎನ್ನುತ್ತಿದ್ದೆ. ಗಾಯದಿಂದ ಆಗಷ್ಟೇ ಚೇತರಿಸಿಕೊಂಡವನಿಗೆ ಕಿರು ಒಪ್ಪಂದವನ್ನು ಖಂಡಿತ ಹೇಳುತ್ತಿರಲಿಲ್ಲ. ಮಧ್ಯವರ್ತಿಯಾಗಿ ಬಂದವರ ಬಳಿ ಫಿಫಾ ಪರವಾನಗಿ ಇದೆಯೇ ಎಂದೂ ಕೇಳಿಸಿದೆ. 2023ರ ಅಕ್ಟೋಬರಿನಿಂದ ಪರವಾನಗಿಯಿಲ್ಲದವರು ಏಜೆಂಟರ ಕೆಲಸ ಮಾಡುವಂತಿಲ್ಲ; ಆ ಪ್ರಶ್ನೆಯ ನಂತರ ಮಧ್ಯವರ್ತಿಯ ಫೋನು ಕಡಿಮೆಯಾಯಿತು, ಕ್ಲಬ್ಬಿನ ಕಚೇರಿಯವರೇ ನೇರವಾಗಿ ಮಾತಾಡತೊಡಗಿದರು.

ತಿದ್ದಿದ ಪ್ರತಿ ನಾಲ್ಕು ದಿನಕ್ಕೆ ಬಂತು. ಋತುವಿನ ಕೊನೆ ಎಂಬಲ್ಲಿ ಮೇ 31 ಎಂದಿತ್ತು, ವೈದ್ಯಕೀಯ ಷರತ್ತು ಹೋಗಿತ್ತು, ಮುಂಗಡ ಒಂದು ತಿಂಗಳದ್ದಲ್ಲ, ಅರ್ಧ ತಿಂಗಳದ್ದಾಗಿತ್ತು. ತಂದೆ ಈ ಸಲ ಮೊದಲು ಎರಡನೆಯ ಪುಟಕ್ಕೇ ಬೆರಳಿಟ್ಟರು. ಹುಡುಗ ಸಹಿ ಹಾಕಿದ, ಪ್ರತಿ ಪುಟದ ಕೆಳಗೂ ಚಿಕ್ಕ ಸಹಿ ಹಾಕಿದ, ಒಂದು ಮೂಲಪ್ರತಿ ಮನೆಯಲ್ಲಿಟ್ಟುಕೊಂಡ. ರೈಲಿನ ಟಿಕೆಟನ್ನು ಮಾತ್ರ ಅಂದೇ ತೆಗೆಸಬೇಡ, ಸಿಆರ್‌ಎಸ್‌ನಲ್ಲಿ ಹೊಸ ಕ್ಲಬ್ಬಿನ ಹೆಸರಿನ ಎದುರು ಅನುಮೋದನೆ ಕಂಡ ಮೇಲೆ ತೆಗೆಸು ಎಂದಿದ್ದೆ. ಅದು ಕಂಡದ್ದು ನೋಂದಣಿ ಅವಧಿ ಮುಚ್ಚಲು ಇನ್ನೆರಡು ದಿನವಿರುವಾಗ, ಸಂಜೆ ಏಳಕ್ಕೆ. ಪರದೆಯ ಚಿತ್ರವನ್ನು ಆತ ನನಗೂ ಕಳುಹಿಸಿದ್ದ.